ಅಪ್ಪನ ಹಣೆಯ ನೆರಿಗೆ

ನಮ್ಮಪ್ಪ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಎಂಜಿನ್ ಡ್ರೈವರ್ ಆಗಿದ್ದ. ಹಾಗೆಂದ ಕೂಡಲೇ ಬಂಗಾರಪೇಟೆ ಕಡೆಯವರು ರೈಲು ಓಡಿಸುವವನೆಂದು ತಿಳಿದುಬಿಡುತ್ತಿದ್ದರು. ಅಪ್ಪನ ಎಂಜಿನ್ ಇದ್ದ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಗಣಿಯ ಬಾವಿಗೆ, ಅಂದರೆ ಶಾಫ್ಟಿಗೆ, ಸ್ವಲ್ಪ ದೂರದಲ್ಲಿ ಅದಕ್ಕೇ ಒಂದು ದೊಡ್ಡ ಕಟ್ಟಡ. ಅದರೊಳಗೆ ಕೂತು ಭಾರಿ ಉರುಳೆಯೊಂದಕ್ಕೆ ಉಕ್ಕಿನ ಹಗ್ಗ ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಅಷ್ಟೆ. ಹಗ್ಗದ ತುದಿಯಲ್ಲಿ ಕೇಜು ಎನ್ನುವ ಕಬ್ಬಿಣದ ಗೂಡು, ಗೂಡಿನ ತುಂಬ ಕೆಲಸಕ್ಕೆ ಇಳಿಯುವ ಜನ. ಕೆಳಗಿನಿಂದ ಗಂಟೆ ಬಡಿಯುತ್ತಾರೆ. ಎಷ್ಟು ಸಲ ಬಡಿದರು ಅನ್ನುವುದರ ಮೇಲೆ ನಿಲ್ಲಿಸಬೇಕೋ, ಎತ್ತಬೇಕೋ, ಬರುವುದು ಅದಿರೋ ಮನುಷ್ಯರೋ ಎಂದು ಅಪ್ಪನಿಗೆ ತಿಳಿಯಬೇಕು. ಗೂಡಿನೊಳಗಿನವರ ಮುಖ ಅವನಿಗೆ ಕಾಣದು, ಅವನ ಮುಖ ಅವರಿಗೆ ಕಾಣದು. ಎಷ್ಟೋ ವರ್ಷ ಒಬ್ಬರನ್ನೊಬ್ಬರು ನೋಡದೆಯೇ ನಂಬಿಕೊಂಡಿದ್ದರು.

ನಾನು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದು ಬಂಗಾರಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಬೆಳಿಗ್ಗೆ ಗಣಿಯ ರೈಲು ಹತ್ತಿ, ಉರಿಗಾಂ ದಾಟಿ, ಮೂಗಿನೊಳಗೆಲ್ಲ, ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ತುಂಬಿಸಿಕೊಂಡು ಹೋಗಿ ಪಾಠ ಮಾಡಿ ಬರುತ್ತಿದ್ದೆ. ನನ್ನ ಓದಿನ ಬಗ್ಗೆ ಮನೆಯವರಿಗೆ ಗೊತ್ತಿದ್ದದ್ದು ಒಂದೇ ವಿಷಯ, ನಾನು ಕಪ್ಪೆ ಕೊಯ್ಯುತ್ತೇನೆ ಎನ್ನುವುದು. ಗಂಡಿನ ಕಡೆಯವರು ಬಂದಾಗ ಅಮ್ಮ ಆ ಭಾಗವನ್ನು ಮುಚ್ಚಿಡುತ್ತಿದ್ದಳು. ನಾನು ಬೇಕೆಂದೇ ಹೇಳಿಬಿಡುತ್ತಿದ್ದೆ. ಅದರಿಂದ ಕೆಲವು ಒಳ್ಳೆಯ ಕೆಲಸಗಳೂ ಆದವು.

ಚಳಿಗಾಲದ ಒಂದು ಬೆಳಿಗ್ಗೆ ಅಪ್ಪ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನಾಗಿಯೇ ಸೋರಿಹೋಯಿತು. ಮತ್ತೆ ಬಾಯಿ ತುಂಬಿಕೊಂಡ, ಮತ್ತೆ ಸೋರಿತು. ಅಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗೆ ಬಿಟ್ಟ ಸದ್ದಿಗೆ ನಾನು ಓಡಿಬಂದೆ. ಅಪ್ಪನ ಮುಖದ ಎಡಭಾಗ ಜೋತುಬಿದ್ದಿತ್ತು. ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಎಡಗಣ್ಣು ಮುಚ್ಚಲು ಹೋದರೆ ರೆಪ್ಪೆ ಕೂಡುತ್ತಿರಲಿಲ್ಲ, ಗುಡ್ಡೆ ಮಾತ್ರ ಮೇಲಕ್ಕೆ ಹೊರಳಿ ಬಿಳಿ ಕಾಣುತ್ತಿತ್ತು.

"ಲಕ್ವ ಒಡೀತು ಕಣಮ್ಮಾ," ಅಂದ ಅಪ್ಪ. ಪಕಾರ ಬಕಾರಗಳು ತುಟಿಯಲ್ಲಿ ನಿಲ್ಲುತ್ತಿರಲಿಲ್ಲವೇ ಹೊರತು ಮಾತು ಸರಿಯಾಗಿಯೇ ಇತ್ತು.

ನಾನು ನನ್ನ ಎರಡೂ ಕೈ ಕೊಟ್ಟು ಹಿಡಿ ಅಂದೆ. ಹಿಡಿದ. ಎರಡು ಕೈಯ ಪಟ್ಟೂ ಒಂದೇ. ನಡಿ ಅಂದೆ, ನಡೆದ. ನನಗೆ ಸ್ವಲ್ಪ ಉಸಿರು ಬಂತು. ಅಪ್ಪನಿಗೆ ಬರಲಿಲ್ಲ. ಅವನ ಅಪ್ಪನಿಗೆ, ಅಂದರೆ ನಮ್ಮ ತಾತನಿಗೆ, ಬಂಗಾರಪೇಟೆ ಹತ್ತಿರದ ನಮ್ಮ ಊರಿನಲ್ಲಿ ಲಕ್ವ ಹೊಡೆದಾಗಲೂ ಮೊದಲು ಬಾಯಿ ಸೊಟ್ಟಗಾಗಿ, ಮಾರನೆಯ ದಿನ ಕೈ, ಆಮೇಲೆ ಕಾಲು ಹೋಗಿದ್ದವು. ಮಂಚದ ಮೇಲೆ ಬಿದ್ದ ಮುದುಕ ಮತ್ತೆ ಏಳಲಿಲ್ಲ. ಅಪ್ಪ ತನ್ನ ಎಡಗೈ ಯಾವಾಗ ಹೋಗುತ್ತದೆಂದು ಕಾಯುತ್ತ ಕೂತ. ಗಳಿಗೆಗೊಮ್ಮೆ ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ.

ಆಸ್ಪತ್ರೆಗೆ ಹೋಗೋಣ ಅಂದರೆ ಜಪ್ಪಯ್ಯ ಅಂದರೂ ಏಳಲಿಲ್ಲ. ಲಕ್ವ ಎಂದು ಡಾಕ್ಟರು ಒಂದು ಸಲ ಬರೆದರೆಂದರೆ ಎಂಜಿನ್ ಹತ್ತಿರಕ್ಕೂ ಬಿಡುವುದಿಲ್ಲ, ಅದು ಸರಿಯೇ. ಹಾಗೆಂದು ಕದ್ದುಮುಚ್ಚಿ ಕೆಲಸಕ್ಕೆ ಹೋಗುವ ಜಾತಿಯವನೂ ಅವನಲ್ಲ. "ಈ ಕೈ ನಂಬ್ಕಂಡು ನಾನೇ ಕೇಜಿಗೆ ಅತ್ತಲ್ಲ. ಇನ್ನೊಬ್ರನ್ನ ಎಂಗೆ ಅತ್ತಿಸ್ಲಿ?" ಎಂದು ಹೇಳಿ, ಹಲ್ಲುನೋವೆಂದು ಪಕ್ಕದ ಮನೆಯವರ ಕೈಲಿ ಸುದ್ದಿ ಕಳಿಸಿ, ತಲೆ ಕಿವಿ ಕೆನ್ನೆಗೆಲ್ಲ ಟವೆಲ್ಲು ಸುತ್ತಿಕೊಂಡು ಒಳಗಿನ ಕೋಣೆ ಸೇರಿದ. ಅವನಿಗೆ ಸಾವಿನ ಭಯವಿತ್ತೋ ಇಲ್ಲವೋ ಗೊತ್ತಿಲ್ಲ. ಎಂಜಿನ್ ಕೈಬಿಡುತ್ತದೆ ಎನ್ನುವ ಭಯ ಮಾತ್ರ ಮನೆಯನ್ನೆಲ್ಲ ತುಂಬಿಕೊಂಡಿತ್ತು.

ನನ್ನ ಅವಸ್ಥೆ ಬೇರೆಯದು. ಮುಖದ ಒಂದು ಕಡೆ ಬೀಳುವುದಕ್ಕೆ ಎರಡು ಕಾರಣಗಳಿರಬಹುದು ಎನ್ನುವಷ್ಟು ನನಗೆ ಗೊತ್ತಿತ್ತು. ಮಿದುಳಿನಲ್ಲೇ ಪೆಟ್ಟಾಗಿರಬಹುದು, ಅದು ಲಕ್ವ. ಇಲ್ಲವೇ ಮಿದುಳು ಚೆನ್ನಾಗಿದ್ದು, ಅದರ ಬುಡದಿಂದ ಹೊರಟು ಕಿವಿಯ ಪಕ್ಕದಲ್ಲಿ ಮುಖಕ್ಕೆ ಬರುವ ಏಳನೆಯ ನರ ಮಾತ್ರ ಕೆಟ್ಟಿರಬಹುದು, ಅದು ವಾಸಿಯಾಗುವಂಥದ್ದು. ಎರಡರಲ್ಲಿ ಯಾವುದು ಎಂದು ಹಣೆ ನೋಡಿ ಹೇಳಬಹುದು ಅಂತ ನಮ್ಮ ಲೆಕ್ಚರರಮ್ಮ ಒಂದು ದಿನ ಪಾಠದ ನಡುವೆ ಹೇಳಿದ್ದರು. ಒಂದರಲ್ಲಿ ಹಣೆ ಆಡುತ್ತದೆ, ಇನ್ನೊಂದರಲ್ಲಿ ಆಡುವುದಿಲ್ಲ. ಯಾವುದರಲ್ಲಿ ಯಾವುದು? ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಆಗ ಪೆನ್ನು ಕೆಳಗಿಟ್ಟು ಕಿಟಕಿಯ ಹೊರಗೆ ನೋಡುತ್ತಿದ್ದೆನೆಂದು ಕಾಣುತ್ತದೆ. ನನ್ನ ಬಳಿ ಇದ್ದ ಪುಸ್ತಕದಲ್ಲಿ ಕಪ್ಪೆಯ ನರಗಳು, ಮೊಲದ ನರಗಳು ಎಲ್ಲ ಚಿತ್ರಸಮೇತ ಇದ್ದವು. ಕಪ್ಪೆ ಹಣೆ ಗಂಟಿಕ್ಕುವುದಿಲ್ಲ. ಪುಸ್ತಕ ಮುಚ್ಚಿಟ್ಟೆ.

ಮಾರನೆಯ ದಿನ ಅಪ್ಪನ ಟವೆಲ್ಲು ಬಿಚ್ಚಿಸಿ ಹುಬ್ಬು ಎತ್ತಲು ಹೇಳಿದೆ. ಬಲಹುಬ್ಬು ಎದ್ದಿತು. ಆ ಕಡೆ ಹಣೆಯಲ್ಲಿ ಉತ್ತ ಸಾಲಿನಂತೆ ನೆರಿಗೆ ಮೂಡಿತು. ಎಡಗಡೆ ಹಣೆ ಇಸ್ತ್ರಿ ಮಾಡಿದ ಹಾಗೆ ಬೋಳಾಗಿತ್ತು. ಅಪ್ಪ ಕನ್ನಡಿಯಲ್ಲಿ ಅದನ್ನು ನೋಡಿಕೊಂಡು ಕನ್ನಡಿಯನ್ನು ಬೋರಲು ಹಾಕಿದ.

"ನೋಡು, ಕೆಳಗಿನ ಲೆವೆಲ್ ಒಂದೇ ನಿಂತಿದ್ರೆ ತೊಂದ್ರೆ ಅಲ್ಲೇ ಎಲ್ಲೋ ಐತೆ ಅಂತ. ಮೇಲಿಂದ ಕೆಳಗಂಟ ಎಲ್ಲಾ ಲೆವೆಲ್ಲೂ ಒಟ್ಟಿಗೆ ನಿಂತ್ರೆ? ಎಂಜಿನ್ ಮನೇಲೇ ಕೆಟ್ಟೈತೆ ಅಂತ. ಬಾಯಿ ಓಯ್ತು, ಕಣ್ಣು ಓಯ್ತು, ಅಣೇನೂ ಓಯ್ತು. ಇನ್ನೇನು ಉಳೀತು ಯೋಳು? ತಲೇಲೇ ಓಗೈತೆ."

ಗಣಿಯವನ ಲೆಕ್ಕ, ಲೆವೆಲ್ ಅಂದರೆ ಶಾಫ್ಟಿನುದ್ದಕ್ಕೂ ಒಂದರ ಕೆಳಗೊಂದು ಇರುವ ಸುರಂಗಗಳ ಅಂತಸ್ತು. ನಮ್ಮ ಸಾಲುಮನೆಗಳಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು, ನನಗೂ ಅದೇ ಸರಿ ಅನ್ನಿಸಿತು.

ಆ ಹೊತ್ತಿಗೆ, ಅಮ್ಮ ಗುಟ್ಟಾಗಿ ಹೇಳಿಕಳಿಸಿದ್ದರಿಂದ, ಊರಿನಿಂದ ಅತ್ತೆ ಬಂದಿಳಿದಳು. ಅತ್ತೆ ಅಂದರೆ ಅಪ್ಪನ ಅಕ್ಕ, ಗಂಟಲು ಜೋರು. ಬರುವಾಗ ಬುಟ್ಟಿಯಲ್ಲಿ ಒಂದು ಜೊತೆ ಪಾರಿವಾಳ ತಂದಿದ್ದಳು. ಪಾರಿವಾಳದ ಬಿಸಿ ರಕ್ತ ಹಚ್ಚಿ ತೀಡಿದರೆ ಲಕ್ವ ಹಿಂದಕ್ಕೆ ಹೋಗುತ್ತದೆನ್ನುವುದು ನಮ್ಮ ಕಡೆಯ ನಂಬಿಕೆ. ರೈಲಿನಲ್ಲಿ ಅವು ಬುಟ್ಟಿಯೊಳಗಿಂದ ಗುಟುರು ಹಾಕಿ, ಪಕ್ಕದಲ್ಲಿ ಕೂತವರೆಲ್ಲ ಯಾರಿಗೆ ಲಕ್ವ ಎಂದು ವಿಚಾರಿಸಿಕೊಂಡು, ನಾವು ಹಲ್ಲುನೋವೆಂದು ಕಟ್ಟಿದ್ದ ಕಥೆ ಚಾಂಪಿಯನ್ ಸ್ಟೇಷನ್ನಿನಲ್ಲೇ ಮಣ್ಣುಪಾಲಾಗಿತ್ತು.

ಅತ್ತೆ ತಮ್ಮನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ಗೋಡೆಗೆ ಒರಗಿ ಅಳಲು ಶುರುಮಾಡಿದಳು.

"ಅಯ್ಯೋ, ಅಪ್ಪಂಗಾದ್ರೂ ಅಣೆ ಆಡ್ತಿತ್ತು ಕಣ್ಲಾ! ಮಂಚದ ಮೇಲೆ ಬಿದ್ಕಂಡು, ಗಂಜಿ ತಡ ಆದ್ರೆ ಅಂಗೇ ಅಣೆ ಗಂಟಾಕ್ಕಂಡು ನನ್ನ ನೋಡ್ತಿದ್ದ. ಕೈಕಾಲು ಬಿದ್ದೋದ್ರೂ ಆ ಸಿಟ್ಟೊಂದು ಓಗಿರ್ಲಿಲ್ಲ. ನಿಂಗೆ ಅದೂ ಇಲ್ವಲ್ಲೋ! ನಿಂದು ಅಪ್ಪಂಗಿಂತ ಜಾಸ್ತಿ ಆಗೈತಲ್ಲೋ!"

"ಸುಮ್ಕಿರಕ್ಕಾ," ಅಂದ ಅಪ್ಪ. ಅಮ್ಮ ಎದ್ದು ಒಲೆಯ ಮುಂದೆ ಹೋಗಿ ಕೂತಳು. ನನಗೆ ಅತ್ತೆಯ ಮೇಲೆ ಎಲ್ಲಿಲ್ಲದ ಕೋಪ ಬಂತು. ಪಾರಿವಾಳ ಕೊಯ್ಯಲು ನನ್ನನ್ನೇ ಕರೆದಾಗ, ನಾಳೆ ಸಂಜೆ ನಾನು ಬರುವ ತನಕ ಅವುಗಳನ್ನು ಮುಟ್ಟಿದರೆ ನೋಡು ಎಂದು ಕೂಗಾಡಿದೆ. ರಕ್ತಕ್ಕೆ ಹೆದರಿ ಅಲ್ಲ. ಆ ರಕ್ತ ಅಪ್ಪನ ಮುಖಕ್ಕೆ ಬಿದ್ದರೆ ಲಕ್ವ ಎಂದು ನಾವೇ ಒಪ್ಪಿಕೊಂಡ ಹಾಗಾಗುತ್ತದೆ ಎನ್ನಿಸಿತು, ಅದಕ್ಕೆ.

ಬೆಳಿಗ್ಗೆ ಸ್ಕೂಲಿಗೆ ಹೋದೆ. ರಜ ಹಾಕಿ ಮನೆಯಲ್ಲಿ ಕೂತರೆ ಅತ್ತೆಯ ಅಳು ಕೇಳಬೇಕಿತ್ತು. ದೊಡ್ಡ ತರಗತಿಯ ಹುಡುಗಿಯರಿಗೆ ಆ ವಾರ ಕಶೇರುಕಗಳ ನರಮಂಡಲ, ಬೆನ್ನೆಲುಬಿರುವ ಪ್ರಾಣಿಗಳದ್ದು. ಬೇಡ ಬೇಡವೆಂದರೂ ಅದೇ ಪಾಠ. ಕಪ್ಪು ಹಲಗೆಯ ಮೇಲೆ ಮಿದುಳು ಬರೆದೆ, ಅದರ ಬಾಲದ ಹಾಗೆ ಬೆನ್ನುಹುರಿ ಇಳಿಸಿದೆ, ಎರಡರಿಂದಲೂ ಆಚೀಚೆಗೆ ನರಗಳ ಜೋಡಿಗಳನ್ನು ಎಳೆದೆ. ಒಬ್ಬ ಹುಡುಗಿಯನ್ನು ಮೇಜಿನ ಮೇಲೆ ಕೂರಿಸಿ ಮಂಡಿಯ ಕೆಳಗೆ ಡಸ್ಟರಿನ ಅಂಚಿನಿಂದ ಮೆಲ್ಲಗೆ ತಟ್ಟಿದೆ. ಕಾಲು ಛಂಗನೆ ಎದ್ದಿತು, ತರಗತಿ ನಕ್ಕಿತು. ಸುದ್ದಿ ಬೆನ್ನುಹುರಿಯವರೆಗೆ ಹೋಗಿ ಅಲ್ಲಿಂದಲೇ ಅಪ್ಪಣೆ ತೆಗೆದುಕೊಂಡು ವಾಪಸು ಬಂತು, ಮಿದುಳಿಗೆ ತಿಳಿಯುವುದು ಆಮೇಲೆ ಎಂದು ವಿವರಿಸಿದೆ. ನಾವು ಬೇಕೆಂದು ಮಾಡುವ ಕೆಲಸಕ್ಕೆ ಮಾತ್ರ ಮಿದುಳಿನಿಂದಲೇ ಅಪ್ಪಣೆ ಬರಬೇಕು. ಅದೂ ದಾರಿಯಲ್ಲಿ ಅಡ್ಡ ದಾಟಿ ಬರುತ್ತದೆ. ಎಡಗೈ ಎತ್ತಲು ಬಲ ಮಿದುಳು ಹೇಳಬೇಕು, ಬಲಗೈಗೆ ಎಡ ಮಿದುಳು.

"ಮುಖಕ್ಕೂ ಅಂಗೇನಾ ಟೀಚರ್?" ಎಂದಳು ಮುಂದಿನ ಬೆಂಚಿನವಳು.

"ಹೌದು," ಅಂದೆ. ಅನ್ನುವಾಗಲೇ ಅಪ್ಪನ ಸೊಟ್ಟ ಬಾಯಿ ಕಣ್ಣ ಮುಂದೆ ಬಂತು. ಏನಾದರೂ ಮಾಡಿಸಿ ಹೊತ್ತು ಕಳೆಯೋಣವೆಂದು, "ಎಲ್ಲರೂ ಬಾಯಿಯ ಎಡಮೂಲೆ ಒಂದನ್ನೇ ಎಳೆಯಿರಿ, ನೋಡೋಣ," ಎಂದೆ. ಇಡೀ ತರಗತಿ ಬಾಯಿ ಸೊಟ್ಟಗೆ ಮಾಡಿತು. ಎಲ್ಲರಿಗೂ ಬಂತು. "ಈಗ ಎಡಹುಬ್ಬು ಒಂದನ್ನೇ ಎತ್ತಿ."

ಎರಡೂ ಎದ್ದವು. ಎಲ್ಲ ಹುಡುಗಿಯರಿಗೂ ಎರಡೂ ಎದ್ದವು. ಕೈಯಿಂದ ಒಂದನ್ನು ಒತ್ತಿ ಹಿಡಿದರೂ ಇನ್ನೊಂದರ ಜೊತೆ ಅದೂ ಏಳಲು ನೋಡುತ್ತಿತ್ತು. ಕೊನೆಯ ಬೆಂಚಿನಲ್ಲಿ ಒಬ್ಬಳಿಗೆ ಮಾತ್ರ ಒಂಟಿ ಹುಬ್ಬು ಕುಣಿಸಲು ಬರುತ್ತಿತ್ತು. ಅವಳು ಸ್ಕೂಲಿನ ನಾಟಕದಲ್ಲಿ ರಾಕ್ಷಸನ ವೇಷ ಹಾಕುತ್ತಿದ್ದವಳು. ಎಲ್ಲರೂ ಅವಳ ಕಡೆ ತಿರುಗಿ ಹುಬ್ಬು ಹಾರಿಸುತ್ತಿರುವಾಗ ಹೆಡ್‌ಮಿಸ್ಟ್ರೆಸ್ಸು ಬಾಗಿಲಲ್ಲಿ ಹಾದುಹೋದರು, ನಿಂತು ನೋಡಿದರು, ಏನೂ ಕೇಳದೆ ಮುಂದೆ ಹೋದರು.

ನಾನು ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದೆ. ಬಾಯಿಯ ಮೂಲೆಗೆ ಒಂದೇ ಕಡೆಯ ಮಿದುಳಿನ ಅಪ್ಪಣೆ, ಅದಕ್ಕೇ ಒಂದೇ ಮೂಲೆ ಎಳೆಯಲು ಬರುತ್ತದೆ. ಹುಬ್ಬುಗಳು ಹಾಗಲ್ಲ, ಜೊತೆಯಾಗಿಯೇ ಏಳುತ್ತವೆ. ಅಂದರೆ ಒಂದೊಂದು ಹುಬ್ಬಿಗೂ ಮಿದುಳಿನ ಎರಡೂ ಕಡೆಗಳಿಂದ ಅಪ್ಪಣೆ ಬರುತ್ತದೆ. ಮಿದುಳಿನ ಒಂದು ಕಡೆ ಕೆಟ್ಟರೂ ಇನ್ನೊಂದು ಕಡೆ ಹಣೆಯನ್ನು ನಡೆಸುತ್ತದೆ. ತಾತನ ಮಿದುಳಿಗೇ ಪೆಟ್ಟಾಗಿತ್ತು. ಅದಕ್ಕೇ ತಾತ ಮಂಚದ ಮೇಲೆ ಬಿದ್ದುಕೊಂಡೂ ಹಣೆ ಗಂಟಿಕ್ಕಿ ಅತ್ತೆಯನ್ನು ಹೆದರಿಸುತ್ತಿದ್ದ. ಅಪ್ಪನ ಹಣೆ ಆಡುತ್ತಿಲ್ಲ. ಹಾಗಾದರೆ ಕೆಟ್ಟಿರುವುದು ಮಿದುಳಲ್ಲ, ಎರಡೂ ಕಡೆಯ ಅಪ್ಪಣೆಗಳು ಬಂದು ಸೇರಿದ ಮೇಲೆ ಹೊರಡುವ ಆ ಒಂದು ನರ. ಕಿವಿಯ ಹಿಂದೆ ನೋವೆಂದು ಅಪ್ಪ ಎರಡು ದಿನದಿಂದ ಗೊಣಗುತ್ತಿದ್ದದ್ದೂ ನೆನಪಾಯಿತು. ಆ ನರ ಅಲ್ಲಿಯೇ ಮೂಳೆಯೊಳಗಿನ ಕಿರಿದಾದ ಓಣಿಯಲ್ಲಿ ಹಾದು ಹೊರಗೆ ಬರುವುದು.

ಆಗ ಲೆಕ್ಚರರಮ್ಮನ ಮಾತು ಪೂರ್ತಿಯಾಗಿ ವಾಪಸು ಬಂತು. "ಹಣೆ ಉಳಿದಿದ್ದರೆ ಹೆದರಿಕೊಳ್ಳಿ, ಹಣೆಯೂ ಹೋಗಿದ್ದರೆ ಸಮಾಧಾನ ಮಾಡಿಕೊಳ್ಳಿ" ಎಂದಿದ್ದರು ಅವರು. ಹುಡುಗಿಯರ ಮುಂದೆ ನಾನು ಅತ್ತೆನೋ ನಕ್ಕೆನೋ ಈಗ ಹೇಳಲಾರೆ. ಎರಡನ್ನೂ ಮಾಡಿರಬೇಕು, ಏಕೆಂದರೆ ಮುಂದಿನ ಬೆಂಚಿನವಳು ಎದ್ದು ನೀರು ತಂದುಕೊಟ್ಟಳು.

ಸಂಜೆಯ ರೈಲು ಅಷ್ಟು ನಿಧಾನವಾಗಿ ಹೋದದ್ದನ್ನು ನಾನು ಯಾವತ್ತೂ ಕಂಡಿಲ್ಲ. ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಅಪ್ಪನ ಕೋಣೆಗೆ ನುಗ್ಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಕೇಳಿದ. ತಲೆ ಅಲ್ಲಾಡಿಸಿದ.

"ಜಾಸ್ತಿ ಕೆಟ್ಟಿದ್ರೆ ಒಳ್ಳೇದು ಅಂತೀಯ. ಇದ್ಯಾವ ಸೀಮೆ ಲೆಕ್ಕನಮ್ಮಾ? ಎಂಜಿನ್ ಕೆಟ್ರೆ ತಾನೆ ಎಲ್ಲಾ ಲೆವೆಲ್ಲೂ ನಿಲ್ಲೋದು?"

"ಒಂದೇ ಶಾಫ್ಟು ಇದ್ರೆ ನೀನು ಯೋಳೋದು ಸರಿ," ಅಂದೆ. "ನಿಮ್ ಗಣೀಲಿ ಒಂದು ಶಾಫ್ಟು ನಿಂತೋದ್ರೆ ಜನ ಎಂಗೆ ಒರಗೆ ಬತ್ತಾರೆ?"

"ಪಕ್ಕದ ಶಾಫ್ಟಿಂದ ಬತ್ತಾರೆ. ಎರಡು ದಾರಿ ಇಲ್ದೆ ಯಾರನ್ನೂ ಇಳಿಸಾಂಗಿಲ್ಲ."

"ಅಣೆಗೂ ಅಂಗೇ ಕಣಪ್ಪಾ, ಎರಡು ಶಾಫ್ಟು. ಬಾಯಿಗೆ ಮಾತ್ರ ಒಂದೇ. ಒಂದು ಎಂಜಿನ್ ಕೆಟ್ಟಿದ್ರೆ ಬಾಯಿ ನಿಲ್ತಿತ್ತು, ಅಣೆ ಇನ್ನೊಂದು ಎಂಜಿನ್ನಾಗೆ ನಡೀತಿತ್ತು. ತಾತಂಗೆ ಅಂಗೇ ಆಗಿತ್ತು. ನಿಂದು ಅಣೇನೂ ನಿಂತೈತೆ. ಎರಡು ಎಂಜಿನ್ನೂ ಒಟ್ಟಿಗೆ ಕೆಟ್ಟಿದ್ರೆ ನೀನು ಇಂಗೆ ಕೂತ್ಕಂಡು ನನ್ ತಾವ ವಾದ ಮಾಡ್ತಿದ್ಯಾ?"

ಅಪ್ಪನ ಬಲಗಡೆ ಹಣೆ ಗಂಟಾಗಿತ್ತು, ಎಡಗಡೆ ಬೋಳಾಗಿಯೇ ಇತ್ತು. ಯೋಚನೆಯೂ ಅರ್ಧ ಮುಖದಲ್ಲೇ ನಡೆಯುತ್ತಿತ್ತು.

"ಅಂಗಾದ್ರೆ ಎರಡು ದಾರೀನೂ ಬಂದು ಸೇರೋ ಜಾಗದಿಂದ ಈಚೆಗೆ ಕಲ್ಲು ಬಿದ್ದೈತೆ ಅಂತೀಯ."

"ಊಂ."

"ಎಂಜಿನ್ ಮನೆ ಚೆನ್ನಾಗೈತೆ."

"ಚೆನ್ನಾಗೈತೆ."

"ಕಲ್ಲಾದ್ರೆ ತೆಗೀಬೋದು," ಎಂದು ಎದ್ದು ಅಂಗಿ ಹುಡುಕಿದ. ಸಂಜೆಯಾಗಿದೆ, ನಾಳೆ ಬೆಳಿಗ್ಗೆ ಹೋಗೋಣವೆಂದು ಕೂರಿಸುವಷ್ಟರಲ್ಲಿ ಸಾಕಾಯಿತು.

ಬೆಳಿಗ್ಗೆ ಅಮ್ಮ, ಅಪ್ಪ, ನಾನು ಮೂವರೂ ಆಸ್ಪತ್ರೆಗೆ ಹೋದೆವು. ಹೇಳುವುದೇನೋ ಗಟ್ಟಿಯಾಗಿ ಹೇಳಿಬಿಟ್ಟಿದ್ದೆ, ಆದರೆ ನಾನು ಓದಿದ್ದು ಕಪ್ಪೆಯ ಮೇಲೆ, ಪರೀಕ್ಷೆ ಮಾಡಿದ್ದು ಹುಡುಗಿಯರ ಹುಬ್ಬಿನ ಮೇಲೆ. ನನ್ನ ಲೆಕ್ಕ ತಪ್ಪಿದ್ದರೆ ಅಪ್ಪನನ್ನು ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಎಂಜಿನ್ನಿನಿಂದ ಇಳಿಸಿದ ಹಾಗೆ.

ಡಾಕ್ಟರು ವಯಸ್ಸಾದವರು, ಅರ್ಧ ತಮಿಳು ಅರ್ಧ ಕನ್ನಡದ ಮನುಷ್ಯ. ಅವರು ಮಾಡಿಸಿದ ಮೊದಲ ಕೆಲಸವೇ ಅದು. "ಹುಬ್ಬು ಎತ್ತಪ್ಪಾ," ಅಂದರು. ಅಪ್ಪ ಎತ್ತಿದ. ಎಡಗಡೆ ಏಳಲಿಲ್ಲ. ಡಾಕ್ಟರ ಮುಖ ಸಡಿಲವಾಯಿತು. ಅದನ್ನು ನೋಡಿ ನನಗೆ ಅಲ್ಲೇ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಕಣ್ಣು ಮುಚ್ಚಿಸಿದರು, ಹಲ್ಲು ಕಿರಿಸಿದರು, ಕೈಕಾಲು ಎಳೆದು ನೋಡಿದರು. ಆಮೇಲೆ ಬೆನ್ನು ತಟ್ಟಿ, "ಇದು ಲಕ್ವ ಅಲ್ಲ. ಮುಖದ ನರ ಊದಿಕೊಂಡಿದೆ. ಮುಕ್ಕಾಲು ಜನಕ್ಕೆ ತಾನೇ ಸರಿಹೋಗುತ್ತೆ," ಎಂದರು.

"ಎಂಜಿನ್ನು, ಸಾರ್?"

"ಕಣ್ಣು ಪೂರಾ ಮುಚ್ಚಲಿ. ಆಮೇಲೆ ನಾನೇ ನೋಡಿ ಕಳಿಸ್ತೀನಿ."

ಅಮ್ಮ ಜಗುಲಿಗೆ ಬಂದು ಕಂಬ ಹಿಡಿದುಕೊಂಡು ಕೂತಳು. ಎಷ್ಟು ದಿನದ ಮೇಲೆ ನಕ್ಕಳೋ, ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಸೊಟ್ಟ ಬಾಯಿಯನ್ನು ಊರಿಗೆಲ್ಲ ತೋರಿಸುತ್ತ ನಡೆದುಕೊಂಡೇ ಮನೆಗೆ ಬಂದ. ಎದುರಿಗೆ ಸಿಕ್ಕವರಿಗೆಲ್ಲ, "ಲಕ್ವ ಅಲ್ಲ, ನರ ಅಷ್ಟೆ," ಎಂದು ಅವರು ಕೇಳುವ ಮೊದಲೇ ಹೇಳುತ್ತಿದ್ದ.

ಪಾರಿವಾಳಗಳ ಗತಿ ಏನೆಂದು ಕೇಳಬಹುದು. ತಂದದ್ದು ದಂಡವಾಗಬಾರದೆಂದು ಅತ್ತೆ ಆವತ್ತೇ ಸಾರು ಮಾಡಿದಳು. ತಮ್ಮನಿಗೆ ವಾಸಿಯಾದದ್ದು ಆ ಸಾರಿನಿಂದಲೇ ಎಂದು ಬದುಕಿರುವ ತನಕ ಹೇಳಿಕೊಂಡು ತಿರುಗಿದಳು. ಸಾರು ಚೆನ್ನಾಗಿತ್ತು, ನಾನು ವಾದ ಮಾಡಲಿಲ್ಲ.

ವಾಸಿಯಾಗುವುದಕ್ಕೆ ಕೆಲವು ವಾರಗಳೇ ಹಿಡಿದವು. ಅಪ್ಪ ದಿನವೂ ಕನ್ನಡಿ ಮುಂದೆ ಕೂತು ದೀಪ ಆರಿಸುವವನ ಹಾಗೆ ಗಾಳಿ ಊದುತ್ತಿದ್ದ, ಪ ಫ ಬ ಭ ಎಂದು ಬಾಲಬೋಧೆ ಓದುತ್ತಿದ್ದ. ಬಿಸಿ ಬಟ್ಟೆಯ ಶಾಖ ಕೊಡುವುದು ಅಮ್ಮನ ಕೆಲಸ, ಮಲಗುವಾಗ ಎಡಗಣ್ಣಿಗೆ ಬಟ್ಟೆ ಕಟ್ಟುವುದು ನನ್ನದು. ಒಂದು ಮಧ್ಯಾಹ್ನ ಊರಿನಿಂದ ಮತ್ತೆ ಬಂದಿದ್ದ ಅತ್ತೆ, ಇನ್ನೊಂದು ಜೊತೆ ಪಾರಿವಾಳ ತರಲೇ ಎಂದು ಕೇಳಿದಳು. ಅಪ್ಪ ಹಣೆ ಗಂಟಿಕ್ಕಿ ಅವಳನ್ನು ನೋಡಿದ. ಎಡಗಡೆಯಲ್ಲೂ ಒಂದು ನೆರಿಗೆ, ಕೂದಲೆಳೆಯಷ್ಟು ತೆಳುವಾದದ್ದು, ಮೂಡಿತು. "ಅಪ್ಪನ್ ತರಾನೇ ನೋಡ್ತಾನೆ!" ಎಂದು ಅತ್ತೆ ಕೈ ತಟ್ಟಿದಳು. ಅಮ್ಮ ಆ ನೆರಿಗೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

ಕಣ್ಣು ಪೂರ್ತಿ ಮುಚ್ಚಿದ ಮೇಲೆ ಡಾಕ್ಟರು ಒಪ್ಪಿ ಬರೆದುಕೊಟ್ಟರು. ಬರಿಯ ಗೂಡನ್ನು ಇಳಿಸಿ ಎತ್ತಿಸಿ ಕೈ ಪರೀಕ್ಷೆ ಮಾಡಿದರಂತೆ. ಆಮೇಲೆ ಜನ ಹತ್ತಿಸಲು ಬಿಟ್ಟರು. ಆ ಮೊದಲ ದಿನ ನಾನು ಸ್ಕೂಲಿಗೆ ರಜ ಹಾಕಿ ಮನೆಯಲ್ಲಿದ್ದೆ. ಅಮ್ಮ ಅಕ್ಕಿ ಆರಿಸುತ್ತೇನೆಂದು ಮೊರ ಹಿಡಿದುಕೊಂಡು ಹೊಸಿಲ ಮೇಲೆ ಕೂತು ಒಂದು ಕಲ್ಲನ್ನೂ ತೆಗೆಯಲಿಲ್ಲ. ಗಣಿಯಲ್ಲಿ ಏನಾದರೂ ಆದರೆ ಸೈರನ್ನು ಕೂಗುತ್ತದೆ. ಇಬ್ಬರೂ ಅದು ಕೂಗದಿರುವುದನ್ನೇ ಕೇಳುತ್ತ ಕೂತಿದ್ದೆವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಪ್ಪ ಬಂದ. ಬಾಯಿಯ ಎಡಮೂಲೆ ಆಗಲೂ ಒಂದಿಷ್ಟು ಜೋತಿತ್ತು. ಕೈಕಾಲು ತೊಳೆದು ಬಂದು ಹೊಸಿಲ ಮೇಲೆ ಅಮ್ಮನ ಪಕ್ಕದಲ್ಲೇ ಕೂತ.

"ಎಂಗಿತ್ತು?" ಅಂದಳು ಅಮ್ಮ.

"ಎಲ್ಲಾರೂ ಮೇಲಕ್ಕೆ ಬಂದ್ರು," ಅಂದ ಅಪ್ಪ.